ಅಕ್ಕನ ರ‍್ಯಾಮಿಗೆ ಜೋಡಿ ಹುಡುಕಿದ್ದು

ಕಂಪ್ಯೂಟರ್ ಬಿಚ್ಚಿ ರ‍್ಯಾಮ್ ಸ್ಟಿಕ್ ಹೊರಗೆ ತೆಗೆದೆ. ನೂಲಿನ ಸ್ಯಾಂಪಲ್ ಸುತ್ತುವ ಹಾಗೆ ಕಾಗದದಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡು ಕೊಳ್ಳೇಗಾಲದ ಅಂಗಡಿಗೆ ಹೋದೆ. ಅದಕ್ಕೊಂದು ಜೋಡಿ ಬೇಕಿತ್ತು.

ಆ ಸ್ಟಿಕ್ ಅಕ್ಕನದು. ಎಂಟು ಜಿಬಿ. ಮದುವೆಗೆ ಮುಂಚೆ ನೂಲು ಸುತ್ತಿದ ಕೂಲಿಯಲ್ಲಿ ಅವಳೇ ತಂದು ಹಾಕಿದ್ದು.

"ಇನ್ನೊಂದ ಆಮೇಲೆ ನೀನ್ ತಕಂಡು ಜೋಡಿ ಮಾಡ್ಲಾ" ಅಂದಿದ್ದಳು. ಎರಡು ವರ್ಷವಾಯಿತು, ಪಕ್ಕದ ಸ್ಲಾಟ್ ಖಾಲಿಯೇ ಇತ್ತು.

ನಾವಿಬ್ಬರೂ ಒಂದೇ ಕೀಬೋರ್ಡಿನಲ್ಲಿ ಕಾರ್ ರೇಸ್ ಆಡಿ ಬೆಳೆದವರು. ಬಲಗಡೆಯ ಬಾಣದ ಕೀಗಳು ಅವಳಿಗೆ, ಎಡಗಡೆಯ ನಾಲ್ಕು ಅಕ್ಷರ ನನಗೆ. ಬೆನ್ನ ಹಿಂದೆ ಅಪ್ಪನ ಮಗ್ಗದ ಸದ್ದು.

ನಾನು ಮುಂದೆ ಹೋದರೆ ಸಾಕು, ಬೇಕಂತಲೇ ಮೊಣಕೈಯಲ್ಲಿ ತಿವಿಯುತ್ತಿದ್ದಳು. ನನ್ನ ಕಾರು ಹೋಗಿ ಗೋಡೆಗೆ!

ಈಗ ಅವಳು ಯಳಂದೂರಿನ ಹತ್ತಿರ ಹೊನ್ನೂರಿನ ಸೊಸೆ. ಭತ್ತ, ಕಬ್ಬು, ಎರಡು ಹಸು, ಕೈತುಂಬ ಕೆಲಸ. ಬಸ್ಸು ಹತ್ತಿದರೆ ಬಂದುಬಿಡುವಷ್ಟು ಹತ್ತಿರ. ಆದರೂ ಬರುವುದು ವರ್ಷಕ್ಕೆ ಎರಡು ಸಲ...

ಈ ಸಲ ಗೌರಿ ಹಬ್ಬಕ್ಕೆ ಮುಂಚೆ ಅವಳೇ ಫೋನ್ ಮಾಡಿದಳು. "ಒಸಾ ಕಾರ್ ಗೇಮ್ ಬಂದದಂತಲ್ಲಾ? ಅದ ಆಡ್ಬೇಕು ಕಣ್ಲಾ. ಸರ್ಯಾಗಿ ಓಡಂಗೆ ಮಾಡಿಕ್ಕಿರು."

ಆ ಫೋನ್ ಇಟ್ಟ ಮೇಲೆ ಮಗ್ಗದಲ್ಲಿ ಕೂತರೂ ನನ್ನ ತಲೆಯಲ್ಲಿ ಅದೇ ಗೇಮ್.

ಎಂಟು ಜಿಬಿಯಲ್ಲಿ ಅದು ಪ್ರತಿ ತಿರುವಿಗೂ ತಡವರಿಸುತ್ತದೆ. ಹದಿನಾರು ಬೇಕು. ರ‍್ಯಾಮ್ ರೇಟು ನೋಡಿದರೆ ಬಂಗಾರದ ಜೊತೆ ಪೈಪೋಟಿಗೆ ಬಿದ್ದಂತಿದೆ. ಒಂದೇ ಡಬ್ಬದಲ್ಲಿ ಬರುವ ಹೊಸ ಜೋಡಿ ನನ್ನ ಬಜೆಟ್ಟಿಗೆ ನಿಲುಕಲಿಲ್ಲ. ಅಕ್ಕನದಕ್ಕೆ ಒಂದು ಸೇರಿಸಿದರೆ ಆಯಿತಲ್ಲ ಅಂದುಕೊಂಡೆ.

ಅಂಗಡಿಯವರು ಅದೇ ಕಂಪನಿಯ, ಅದೇ ಕೆಂಪು ಕವಚದ ಸ್ಟಿಕ್ ಕೊಟ್ಟರು. ಎರಡನ್ನೂ ಹಿಡಿದುಕೊಂಡು ನಾನು ರಸ್ತೆಗೆ ಬಂದು ಬಿಸಿಲಲ್ಲಿ ನಿಂತೆ.

ನಗಬೇಡಿ. ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಸೀರೆಗೆ ನೂಲು ಸಾಲದೆ ಬಂದರೆ, ಬೇರೆ ಸಲ ಬಣ್ಣ ಹಾಕಿದ್ದನ್ನು ಕಣ್ಣು ಮುಚ್ಚಿ ಸೇರಿಸುವಂತಿಲ್ಲ.

"ಅಂಗ್ಡಿ ಲೈಟ್ ನಂಬ್ಬ್ಯಾಡ ಕಣ್ಲಾ, ಬಿಸ್ಲಿಗೆ ಇಡ್ದು ನೋಡು" ಅನ್ನುತ್ತಾರೆ ಅಪ್ಪ. ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ ನೇಯ್ದ ಮೇಲೆ ಪಟ್ಟೆ ಎದ್ದು ಕಾಣುತ್ತದೆ.

ಹೊರಳಿಸಿ ಹೊರಳಿಸಿ ನೋಡಿದೆ. ಎರಡೂ ಅದೇ ಕೆಂಪು. ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಹಿಂಬದಿಯ ಚೀಟಿಯಲ್ಲಿ ಏನು ಬರೆದಿದೆ ಅಂತ ಮಾತ್ರ ಓದಲಿಲ್ಲ.

ಮನೆಗೆ ಬಂದು ಹಾಕಿದೆ. ಹದಿನಾರು ಜಿಬಿ ತೋರಿಸಿತು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಅಕ್ಕ ಬರುವಾಗ ಇನ್ನೂ ಜೋರಾಗಿ ಓಡಲಿ ಅಂತ ಓವರ್‌ಕ್ಲಾಕ್ ಮಾಡಲು, ಅಂದರೆ ಇರುವುದಕ್ಕಿಂತ ಸ್ಪೀಡ್ ಏರಿಸಲು ಹೋದೆ. ಬಯೋಸ್‌ ಅನ್ನುವ ಸೆಟ್ಟಿಂಗ್ ಪುಟದಲ್ಲಿ ಸ್ಪೀಡ್ 3200ಕ್ಕೆ ಏರಿಸಿ ಸೇವ್ ಒತ್ತಿದೆ.

ಸ್ಕ್ರೀನ್ ಕಪ್ಪಾಯಿತು. ಫ್ಯಾನ್ ತಿರುಗುತ್ತಿದೆ, ಬೇರೆ ಏನೂ ಇಲ್ಲ.

ಬೋರ್ಡಿನ ಮೇಲಿನ ಗುಂಡು ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದ ಮೇಲೆ ಸೆಟ್ಟಿಂಗ್ ಮೊದಲಿನಂತಾಗಿ ಜೀವ ಬಂತು. ಆಗ ಚೀಟಿ ಓದಿದೆ. ನಾನು ತಂದಿದ್ದರ ಸ್ಪೀಡ್ 3200, ಅಕ್ಕನದರದು 2666. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಕೆಂಪಗಿರೋದೆಲ್ಲ ಜೋಡಿಯೂ ಅಲ್ಲ.

ಮಾರನೇ ದಿನ ಎರಡನ್ನೂ ತೆಗೆದುಕೊಂಡು ಅಂಗಡಿಗೆ ಹೋದರೆ ಅವರು ನಕ್ಕಿದ್ದೇ ನಕ್ಕಿದ್ದು. "ಬಣ್ಣ ನೋಡಿ ರ‍್ಯಾಮ್ ತಕಂಡೋನ್ನ ನಾ ಇವತ್ತೇ ಕಣಪ್ಪ ನೋಡಿದ್ದು!"

ಆಮೇಲೆ ಒಂದು ದಾರಿ ಹೇಳಿದರು. "ಎರಡ್ನೂ ಇಲ್ಲೇ ಬುಡು. ಮ್ಯಾಲೆ ಒಸಿ ದುಡ್ಡಾಕು, ಒಂದೇ ಡಬ್ಬದ ಜೋಡಿ ಕೊಡ್ತೀನಿ. ಎಷ್ಟ್ ಬೇಕಾದ್ರೂ ಓಡ್ಸು."

ಬುದ್ಧಿವಂತರು ಮಾಡುವುದು ಅದನ್ನೇ. ನಾನೂ ಅಕ್ಕನ ಸ್ಟಿಕ್ ಕೌಂಟರ್ ಮೇಲೆ ಇಟ್ಟೆ. ಆದರೆ ಕೈ ತೆಗೆಯಲು ಆಗಲಿಲ್ಲ.

"ಹಬ್ಬ ಆಗ್ಲಿ ಸಾ" ಅಂದು ಎತ್ತಿಕೊಂಡು ಬಂದೆ. "ಒಂದ್ ವಾರ ಕಾಯ್ತೀನಿ" ಅಂದರು.

ಸ್ಪೀಡ್ ಬೇರೆಯಿರುವ ಎರಡು ಸ್ಟಿಕ್ ಜೊತೆಯಲ್ಲಿದ್ದರೆ ನಿಧಾನದ್ದರ ಸ್ಪೀಡಿಗೆ ಇನ್ನೊಂದೂ ಇಳಿಯುತ್ತದೆ. ಹಾಗೇ ಬಿಟ್ಟೆ. ಗ್ರಾಫಿಕ್ಸ್ ಸ್ವಲ್ಪ ಕಡಿಮೆ ಮಾಡಿದೆ. ತಿರುವುಗಳಲ್ಲಿ ತಡವರಿಸುವುದು ನಿಂತಿತು.

ಇವತ್ತು ಬೆಳಿಗ್ಗೆ ಅಕ್ಕ ಬಂದಳು. ಪೂಜೆ, ಬಾಗಿನ, ಊಟ ಎಲ್ಲ ಮುಗಿದು ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತೆವು. ಅವಳ ಬೆರಳ ತುಂಬ ಹುಲ್ಲು ಕೊಯ್ದ ಗೀರುಗಳು.

ಮೊದಲ ರೇಸ್ ನಾನೇ ಗೆದ್ದೆ. "ಬೆರಳ್ಗೆಲ್ಲಾ ಮರ್ತೇ ಓಗದೆ ಕಣ್ಲಾ" ಅಂದಳು. ನನಗೆ ಗೆದ್ದದ್ದು ಒಂಚೂರೂ ಇಷ್ಟವಾಗಲಿಲ್ಲ.

ಎರಡನೇ ರೇಸ್ ಅರ್ಧ ದಾಟಿತ್ತು. ನಾನು ಮುಂದಿದ್ದೆ. ಪಕ್ಕೆಗೆ ಬಿತ್ತು ನೋಡಿ ಮೊಣಕೈ! ಎರಡು ವರ್ಷದಿಂದ ನಾನು ಕಾಯುತ್ತಿದ್ದದ್ದು ಅದಕ್ಕೇ.

ಅಷ್ಟರಲ್ಲಿ ಅವಳ ಫೋನು. ಹಸು ಕರು ಹಾಕುವ ಹಾಗಿದೆ, ಬೇಗ ಬಾ ಅಂತ ಅತ್ತೆ.

ಗೇಮ್ ನಿಲ್ಲಿಸಿ ಎದ್ದಳು. ಆಟೋ ಹತ್ತುವಾಗ ನೆನಪಾಯಿತೇನೋ, ತಿರುಗಿ ಕೇಳಿದಳು. "ಎಷ್ಟ್ ಸ್ಪೀಡಲ್ಲಿ ಓಡ್ತಿತ್ಲಾ ಆ ಜೋಡಿ?"

"2666."

"ಥೂ ದಡ್ಡ. ನಂದ ಕೊಟ್ಬುಟ್ಟು ಒಸಾ ಜೋಡಿ ತಕಬಾರ್ದಾ?" ನಗುತ್ತಲೇ ಹೋದಳು.

ದೀಪ ಹಚ್ಚುವ ಹೊತ್ತಾಯಿತು. ಗೇಮ್ ಇನ್ನೂ ಕ್ಲೋಸ್ ಮಾಡಿಲ್ಲ. ಗೋಡೆಗೆ ಗುದ್ದಿಕೊಂಡ ನನ್ನ ಕಾರು, ಪಕ್ಕದಲ್ಲಿ ಅವಳದು, ಎರಡೂ ಅಲ್ಲೇ ನಿಂತಿವೆ...

ಅಂಗಡಿಯವರಿಗೆ ನಾಳೆಯೊಳಗೆ ಹೇಳಬೇಕು. ಅಕ್ಕನೇ ಕೊಟ್ಟುಬಿಡು ಅಂದಿದ್ದಾಳೆ. ನೀವಾಗಿದ್ದರೆ ಕೊಡ್ತಿದ್ರಾ?