ಮೊದಲ ಸಾಲಿನಿಂದಲೇ ಮಾತನಾಡಿದ ಯಂತ್ರ

ವಿಶಾಖಪಟ್ಟಣದ ಹೊರವಲಯದ ದುವ್ವಾಡದ ರಿಪೇರಿ ಅಂಗಡಿಯೊಂದರಲ್ಲಿ ಮೊನ್ನೆ ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿದರು. ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಸಮುದ್ರದ ಉಪ್ಪುಗಾಳಿ ಕುಡಿದು ಗಟ್ಟಿಯಾದ ಧೂಳು ಕಾದಾಗ ಬರುವ ವಾಸನೆಯೇ ಬೇರೆ. ಅಂಗಡಿಯವರು ನಾನು ಬಂದ ಕೆಲಸವೇನೆಂದು ಕೇಳುತ್ತಿದ್ದರು; ನನಗೆ ಮಾತ್ರ ಎದುರುಮನೆಯವರ ಕೋಣೆ ಕಣ್ಣ ಮುಂದೆ ಬಂದಿತ್ತು...

ಅವರು ಕೊಪ್ಪಳದ ಕಡೆಯವರು. ಬ್ಯಾಂಕಿನ ವರ್ಗಾವಣೆಯ ಮೇಲೆ ವಿಶಾಖಪಟ್ಟಣಕ್ಕೆ ಬಂದು, ನಮ್ಮ ಕಟ್ಟಡದಲ್ಲಿ ನಮ್ಮ ಬಾಗಿಲಿಗೆ ಎದುರಾಗಿ ಒಬ್ಬರೇ ವಾಸವಾಗಿದ್ದರು. ಹುಟ್ಟಿನಿಂದ ಕಣ್ಣು ಕಾಣದವರು. ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಆ ಫೋನು ರಿಂಗಾಗುವುದೇ ನಿಂತಿತ್ತು; ಆದರೂ ಅವರನ್ನು ಅದರ ಮುಂದೆಯೇ ಕೂರಿಸಿದ್ದರು. ಕಂಪ್ಯೂಟರಿನಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಕೆಲಸ ಕೊಡಿ ಎಂದು ಅವರು ಬೇಡುತ್ತಿದ್ದರು. ಪಕ್ಕದಲ್ಲಿ ಯಾರ ಸಹಾಯವೂ ಇಲ್ಲದೆ ಯಂತ್ರ ನಡೆಸಿ ತೋರಿಸಿದರೆ ಕೊಡುತ್ತೇವೆ ಎಂದು ವಿಜಯವಾಡದ ಮೇಲಿನ ಕಚೇರಿ ಕೊನೆಗೆ ಒಪ್ಪಿತು. ಬ್ಯಾಂಕಿನ ಜಾಲಕ್ಕೆ ಸೇರದ ಬಿಡಿ ಯಂತ್ರವೊಂದನ್ನು ಕಚೇರಿಯವರು ಒದಗಿಸುವುದು, ಮನೆಯ ಯಂತ್ರದಲ್ಲಿ ತಾವು ಬಳಸುವ ವ್ಯವಸ್ಥೆಯನ್ನು ಪೆನ್ ಡ್ರೈವಿನಲ್ಲಿ ಇವರು ಒಯ್ಯುವುದು ಎಂದು ಮಾತಾಯಿತು.

ಅಷ್ಟರಲ್ಲೇ ಮನೆಯ ಯಂತ್ರ ಕೈಕೊಟ್ಟಿತು. ಹೊಸ ಅಪ್‌ಡೇಟ್ ಹಾಕಿದ ಮೇಲೆ ಗುಂಡಿ ಒತ್ತಿದರೆ ಅರ್ಧ ಎದ್ದು ಅಲ್ಲಿಗೇ ನಿಂತುಬಿಡುತ್ತಿತ್ತು. ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಹೇಳುವ ಸಣ್ಣ ಮಾತಿನ ಪೆಟ್ಟಿಗೆಯೊಂದು ಅವರಲ್ಲಿತ್ತು; ಯಂತ್ರ ಪೂರ್ತಿ ಎದ್ದ ಮೇಲಷ್ಟೇ ಅದಕ್ಕೆ ಬಾಯಿ ಬರುತ್ತಿತ್ತು. ನಡುವೆ ನಿಂತರೆ ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ರಿಪೇರಿಯವರು ಬಿಚ್ಚದೆಯೇ ಬೋರ್ಡು ಸತ್ತಿದೆ ಎಂದರು. ನಾನು ಒಪ್ಪಲಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿಯುತ್ತ, ಯಂತ್ರಗಳ ಕೈಪಿಡಿಗಳಿಂದಲೇ ಇಂಗ್ಲಿಷ್ ಕಲಿತವನು ನಾನು. ಬಿಚ್ಚಿ ನೋಡದೆ ಸತ್ತಿದೆ ಎನ್ನುವವರನ್ನು ನಾನು ನಂಬಿದ್ದಿಲ್ಲ.

ಪರದೆಯ ಮೇಲೆ ಹರಿಯುವ ಸಾಲುಗಳನ್ನು ನಾನು ಓದಬೇಕು, ಅವರು ಕೇಳಿಸಿಕೊಳ್ಳಬೇಕು, ಹೀಗೆ ನಮ್ಮ ಕೆಲಸ ಮೊದಲಾಯಿತು. ನಿರುಪಯೋಗಿ ಎನಿಸಿದ ಸಾಲುಗಳನ್ನು ನಾನು ಬಿಟ್ಟರೆ ಅವರಿಗೆ ಹೇಗೋ ಗೊತ್ತಾಗುತ್ತಿತ್ತು.

"ಕಾಕಾ, ನೀವು ಓದೂದು ಹೆಂಗೈತಂದ್ರ, ಪಲ್ಯದಾಗಿನ ಮೆಣಸಿನಕಾಯಿ ಬದಿಗಿಟ್ಟು ಉಂಡಂಗ. ಬ್ಯಾಡಾದ್ದೂ ಓದ್ರಿ. ರೋಗ ಅಲ್ಲೇ ಇರತೈತಿ."

ರೋಗ ಸಿಕ್ಕಿತು. ಯಂತ್ರ ಎದ್ದೊಡನೆ ಎಲ್ಲಕ್ಕಿಂತ ಮೊದಲು ಕೆಲಸಕ್ಕಿಳಿಯುವ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಅಪ್‌ಡೇಟಿನ ಜೊತೆ ಬಂದ ಹೊಸ ಕರ್ನೆಲ್ ನಮ್ಮ ಹಳೆಯ ಡಿಸ್ಕಿನ ಗುರುತನ್ನೇ ಹಿಡಿಯುತ್ತಿರಲಿಲ್ಲ. ಹಾಗಾದರೆ ನಮ್ಮದೇ ಕರ್ನೆಲ್ ಕಟ್ಟೋಣ ಎಂದರು ಅವರು. ಡಿಸ್ಕನ್ನು ಗುರುತಿಸುವ ಭಾಗವನ್ನೂ ಮಾತಿನ ಪೆಟ್ಟಿಗೆಯನ್ನು ನಡೆಸುವ ಭಾಗವನ್ನೂ ತಿರುಳಿನೊಳಗೇ ಸೇರಿಸಬೇಕೆಂದು ಹಟ ಹಿಡಿದರು. ಪೆಟ್ಟಿಗೆ ಆಮೇಲೆ ಎದ್ದರೂ ನಡೆದೀತಲ್ಲ ಎಂದೆ.

"ಕಣ್ಣಿದ್ದವರಿಗೆ ಮೊದಲನೇ ಸಾಲಿನಿಂದ ಕಾಣತೈತಿ. ನನಗ್ಯಾಕ ಕಡೀಗೆ?"

ಅವರು ಹೇಳಿದಂತೆಯೇ ಕಂಪೈಲ್ ಮಾಡಲು ಕುಳಿತೆವು. ಕಂಪೈಲ್ ಮಾಡುವುದೆಂದರೆ ಮೂಲ ಬರಹದಿಂದ ತಿರುಳನ್ನು ನಾವೇ ಕಟ್ಟಿಸುವುದು. ಆ ಹಳೆಯ ಯಂತ್ರಕ್ಕೆ ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸವಾಗುತ್ತಿತ್ತು. ಫ್ಯಾನು ನರಳುತ್ತಿತ್ತು, ಕೋಣೆ ತುಂಬ ಆ ಧೂಳಿನ ವಾಸನೆ. ಕಟ್ಟಿದ್ದು ಏಳಲಿಲ್ಲ. ಮತ್ತೆ ಕಟ್ಟಿದೆವು, ಮತ್ತೆ ನಿಂತಿತು. ವಿಜಯವಾಡದ ದಿನ ಹತ್ತಿರ ಬರುತ್ತಿದ್ದಂತೆ ಅವರು ಊಟ ಬಿಟ್ಟರು. ಒಂದು ಮಧ್ಯಾಹ್ನ ಕೀಲಿಮಣೆಯ ಮೇಲೆ ಹಣೆಯಿಟ್ಟು, "ಆ ಫೋನಿನ ಮುಂದ ಇನ್ನ ಕೂಡಾಕ ಆಗೂದಿಲ್ಲ ಕಾಕಾ," ಎಂದರು. ನಾನು ಪರದೆಯ ಕಡೆ ತಿರುಗಿ ಮತ್ತೆ ಮೊದಲ ಸಾಲಿನಿಂದ ಓದತೊಡಗಿದೆ...

ಹೊರಡುವುದಕ್ಕೆ ಎರಡು ದಿನ ಮೊದಲು ಪೆಟ್ಟಿಗೆ ಮಾತನಾಡಿತು. ಗೊಗ್ಗರು ದನಿಯಲ್ಲಿ, ಮೊದಲನೆಯ ಸಾಲಿನಿಂದ. ಅವರು ಎದ್ದು ನಿಂತರು. ನಾನು ರೂಢಿಯಂತೆ ಓದಲು ಬಾಯಿ ತೆರೆದರೆ, ಕೈಯೆತ್ತಿ ಸುಮ್ಮನಿರಿಸಿದರು.

ಆ ಕರ್ನೆಲನ್ನೇ ಪೆನ್ ಡ್ರೈವಿಗೆ ಹಾಕಿಕೊಂಡು ರೈಲು ಹತ್ತಿದೆವು. ಅದನ್ನು ಆ ಒಂದು ಯಂತ್ರದಲ್ಲಲ್ಲದೆ ಬೇರೆಲ್ಲೂ ಎಬ್ಬಿಸಿ ನೋಡಿರಲಿಲ್ಲ. ಹಾಗೆ ನೋಡಬೇಕೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಸಹಾಯ ಕೂಡದೆಂಬ ಷರತ್ತಿನಿಂದಾಗಿ ವಿಜಯವಾಡದಲ್ಲಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಗಾಜಿನಾಚೆ ಎಲ್ಲವೂ ಕಾಣುತ್ತಿತ್ತು. ಅವರು ಡ್ರೈವ್ ಸಿಕ್ಕಿಸಿ, ಪೆಟ್ಟಿಗೆ ಜೋಡಿಸಿ, ಗುಂಡಿ ಒತ್ತಿದರು. ಪರದೆಯ ಮೇಲೆ ಕೆಂಪು ಚೌಕವೊಂದು ಬಂದು ನಿಂತಿತು. ಪೆಟ್ಟಿಗೆ ಉಸಿರೆತ್ತಲಿಲ್ಲ. ಸುತ್ತಲಿದ್ದ ಅಧಿಕಾರಿಗಳೆಲ್ಲ ಆ ಚೌಕವನ್ನು ನೋಡಿದರು. ಯಾರೂ ಅದರಲ್ಲಿ ಏನಿದೆಯೆಂದು ಹೇಳಲಿಲ್ಲ. ಇವರು ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕಾಯುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿ ಒಳನುಗ್ಗಿ ಗಟ್ಟಿಯಾಗಿ ಓದಿದೆ. ತಯಾರಕರ ಸಹಿಯಿಲ್ಲದ ಕರ್ನೆಲನ್ನು ಈ ಯಂತ್ರ ಎಬ್ಬಿಸುವುದಿಲ್ಲ ಎಂದಿತ್ತು; ಕರ್ನೆಲ್ಲೇ ಏಳದಿದ್ದರೆ ಪೆಟ್ಟಿಗೆಗೆ ಬಾಯಿ ಎಲ್ಲಿಯದು?

"ಅಷ್ಟs ಏನು?" ಅವರ ಮುಖ ಅರಳಿತು. "ಸೆಟ್ಟಿಂಗ್‌ನ್ಯಾಗ ಅದೊಂದು ಬಂದ್ ಮಾಡಿದ್ರ ಆತು."

ಹಿರಿಯ ಅಧಿಕಾರಿ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. "ಸಾರಿ ಅಂಡಿ. ಈ ಪೆದ್ದಾಯನ ಹೆಲ್ಪ್ ಚೇಶಾರು ಕದಾ," ಎಂದರು. ಈ ಹಿರಿಯರು ಸಹಾಯ ಮಾಡಿದರಲ್ಲ ಎಂದು ಅವರ ಮಾತಿನ ಅರ್ಥ. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಇನ್ನೊಬ್ಬರ ನೆರವಿಲ್ಲದೆ ಯಂತ್ರ ನಡೆಸಲಾರರು ಎಂಬುದು ಅಂದಿನಿಂದ ಅವರ ಬಗೆಗಿನ ಅಧಿಕೃತ ಮಾತಾಯಿತು. ನಮ್ಮ ಕಟ್ಟಡದಲ್ಲಿಯೂ ಅದನ್ನೇ ಹೇಳುತ್ತಾರೆ. ನಾನು ಇಂದಿಗೂ ಒಪ್ಪುವುದಿಲ್ಲ. ಕಣ್ಣಿದ್ದವರಿಗೆ ಪರದೆ ಕ್ಷಣಕ್ಷಣವೂ ಮಾಡುವ ಸಹಾಯವನ್ನು ಯಾರೂ ಸಹಾಯವೆಂದು ಕರೆಯುವುದಿಲ್ಲ. ನಾನು ಓದಬಾರದಿತ್ತು ಎನ್ನುವವರಿಗೂ ಇದೇ ನನ್ನ ಉತ್ತರ.

ಅವರು ಮತ್ತೆ ಆ ಫೋನಿನ ಮುಂದೆ ಕುಳಿತರು. ಮರುವರ್ಷ ಊರ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಹೋದ ಮೇಲೆ ಅವರ ಫೋನ್ ಕರೆಗಳು ವಿರಳವಾದವು, ಆಮೇಲೆ...

ಈ ವಾರ ಅವರ ತಂಗಿ ಕೊಪ್ಪಳದಿಂದ ಫೋನ್ ಮಾಡಿದ್ದರು. ಅಣ್ಣ ತೀರಿಕೊಂಡು ತಿಂಗಳ ಮೇಲಾಯಿತೆಂದರು. ನನಗೆ ಯಾರೂ ತಿಳಿಸಿರಲಿಲ್ಲ.

"ಕರೆಂಟ್ ಹೋಗಿ ಬಂದಾಗೊಮ್ಮೆ ಅವನ ಕಂಪ್ಯೂಟರ್ ತಾನs ಸುರುವಾಗತೈತ್ರಿ ಕಾಕಾರ. ಪೆಟ್ಟಿಗಿ ಇಂಗ್ಲಿಷಿನ್ಯಾಗ ಏನೇನೋ ಒದರತೈತಿ. ಹುಡುಗ್ರು ಅಂಜತಾವು. ಬಂದ್ ಮಾಡೂದು ಹೆಂಗ್ರಿ?"

ಒಂದು ಸಲ ಅದನ್ನು ಎಬ್ಬಿಸಿ, ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿಯುವಂತೆ ಕೇಳಿಕೊಂಡೆ. ಮೊದಲ ಸಾಲಿನಿಂದ ಕೊನೆಯವರೆಗೆ ಕೇಳಿದೆ. ಎಲ್ಲಿಯೂ ನಿಲ್ಲಲಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಲಾಗಿನ್ ಎಂದು, ಬಂದಿರುವವರ ಹೆಸರು ಕೇಳಿ, ಕಾಯುತ್ತ ನಿಂತಿತು.

"ಈಗ ವೈರ್ ಕಿತ್ತಿಬಿಡವಾ," ಎಂದೆ.