ಹುತ್ತದ ಸುತ್ತ ಬಿದ್ದ ಅಳ್ಳು

ಬೆಳಗಿನ ನಾಲ್ಕೂವರೆ. ಕೆಳಗೆ ಕ್ಯಾಲಿಫೋರ್ನಿಯಾದ ಗಿಲ್‌ರಾಯ್ ಊರಿನಲ್ಲಿ ಬೆಳ್ಳುಳ್ಳಿ ಕೀಳುವ ಕಾಲ. ಅದರ ಘಾಟು ಗುಡ್ಡದ ಮೇಲಕ್ಕೂ ಬಂದಿದೆ. ಮಲ್ಲಪ್ಪ ಪಿಕಪ್ ಗಾಡಿಯನ್ನು ಮೊದಲ ಗೇಟಿನ ಹತ್ತಿರವೇ ನಿಲ್ಲಿಸಿ ಇಳಿಯುತ್ತಾರೆ. ಇಲ್ಲಿಂದ ಮುಂದೆ ನಡಿಗೆಯೇ. ಟಾರ್ಚನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದು, ಬೆಳಕನ್ನು ನೆಲ ಸವರುವ ಹಾಗೆ ಬಿಡುತ್ತಾರೆ. ಹಾಗೆ ಹಿಡಿದರೆ ಒಣಹುಲ್ಲಿನಲ್ಲಿ ಬಿದ್ದ ಒಂದು ಕಾಳಿಗೂ ನೆರಳು ಮೂಡುತ್ತದೆ.

"ಗಾಡ್ಯಾಗ ಹೋದ್ರ ಬೇಲಿ ಕಾಣತೈತ್ರೀ, ನೆಲ ಕಾಣೂದಿಲ್ಲ," ಎನ್ನುತ್ತಾರೆ.

ಎರಡನೇ ನೀರಿನ ಚಿಲುಮೆಯ ಬಳಿ ಬೆಳಕು ನಿಲ್ಲುತ್ತದೆ. ಅರ್ಧ ತಿಂದ ಒಂದು ಸೇಬು. ಮಲ್ಲಪ್ಪ ಅದನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು, ಕುಕ್ಕರಗಾಲಿನಲ್ಲಿ ಕೂತು, ಸುತ್ತಲಿನ ಹೆಜ್ಜೆಗಳನ್ನು ನೋಡುತ್ತಾರೆ. ಹಲ್ಲಿನ ಗುರುತು ಮನುಷ್ಯರದು. ಹಣ್ಣೂ ಒಂದೇ. ನಿನ್ನೆ ಬೇಲಿ ಕಟ್ಟಲು ಬಂದವರು ಊಟ ಮಾಡಿ ಎಸೆದದ್ದಿರಬೇಕು. ಆದರೂ ಅಂಗಿಯ ಜೇಬಿನಿಂದ ನೋಟ್‌ಬುಕ್ಕು ಹೊರಗೆ ಬರುತ್ತದೆ. ಅದರಲ್ಲಿ ಅವರೇ ಗೆರೆ ಎಳೆದುಕೊಂಡ ನಾಲ್ಕು ಖಾನೆಗಳಿವೆ: ಎಂದು, ಎಲ್ಲಿ, ಏನು, ಯಾರು. ಮೊದಲ ಮೂರನ್ನು ತುಂಬುತ್ತಾರೆ. ನಾಲ್ಕನೆಯದನ್ನು ಖಾಲಿ ಬಿಟ್ಟು ಮುಂದೆ ನಡೆಯುತ್ತಾರೆ.

ಈ ಗುಡ್ಡಗಳು ಮಿಸೆಸ್ ಸಿಲ್ವೇರಾ ಎಂಬ ವಿಧವೆಯವು. ಎರಡು ಸಾವಿರದ ಇನ್ನೂರು ಎಕರೆ. ವರ್ಷವಿಡೀ ದನ ಮೇಯುತ್ತವೆ. ಆಗಸ್ಟಿನ ಎರಡನೇ ಶನಿವಾರ ಜಿಂಕೆ ಬೇಟೆ ಶುರುವಾದರೆ ಬೇಟೆ ಕೂಟದ ಏಳು ಮಂದಿ ಸದಸ್ಯರು ಬಂದೂಕು ಹಿಡಿದು ಬರುತ್ತಾರೆ. ಬೇಟೆಯ ಹಕ್ಕನ್ನು ಅವರು ಜೊತೆಯಾಗಿ ಗುತ್ತಿಗೆ ಹಿಡಿದಿದ್ದಾರೆ. ಕಾಯುವ ಜಾಗದ ಹತ್ತಿರ ಮೆಕ್ಕೆಜೋಳವನ್ನೋ ಸೇಬನ್ನೋ ಉಪ್ಪನ್ನೋ ಇಟ್ಟರೆ ಜಿಂಕೆ ತಾನಾಗಿ ಬಂದು ತಲೆ ತಗ್ಗಿಸಿ ನಿಲ್ಲುತ್ತದೆ. ಹಾಗೆ ಆಮಿಷ ಒಡ್ಡಿ ಹೊಡೆಯುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಒಬ್ಬನ ನೆಲವಾದರೆ ತಪ್ಪು ಯಾರದೆಂದು ಕೇಳಬೇಕಿಲ್ಲ. ಏಳು ಜನ ಹಂಚಿಕೊಂಡ ನೆಲದಲ್ಲಿ ಒಂದು ಹಿಡಿ ಕಾಳು ಸಿಕ್ಕರೆ ಏಳೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಒಂದು ಹಿಡಿ ಕಾಳನ್ನು ಎಲ್ಲರಿಗಿಂತ ಮೊದಲು ಕಾಣುವುದೇ ಐವತ್ತೆರಡು ವರ್ಷದ ಮಲ್ಲಪ್ಪನವರ ಕೆಲಸ.

"ಬೇಟೆ ಬ್ಯಾರೆ, ಬೇಟು ಬ್ಯಾರೆ," ಎಂದು ನಗುತ್ತಾರೆ. ಆಮಿಷಕ್ಕೆ ಇಲ್ಲಿಯವರು ಹೇಳುವ 'ಬೈಟ್' ಅವರ ಬಾಯಲ್ಲಿ 'ಬೇಟು' ಆಗಿದೆ. "ಬೇಟೆ ಮಾಡ್ರಿ, ನಾ ಗೇಟ್ ತಗೀತೇನಿ. ಬೇಟು ಇಟ್ಟೀರಿ ಅಂದ್ರ ಅದ ಗೇಟ್ ಹಾಕ್ತೇನಿ. ಇಷ್ಟ ನನ್ನ ಇಂಗ್ಲಿಷು."

ಮಲ್ಲಪ್ಪ ಮಾಂಸ ತಿನ್ನುವವರಲ್ಲ, ಬಂದೂಕು ಹಿಡಿದವರೂ ಅಲ್ಲ. ರಾಣೆಬೆನ್ನೂರಿನ ಕಡೆ ಕೃಷ್ಣಮೃಗದ ಕಾಡಿನಲ್ಲಿ ದಿನಗೂಲಿಯ ಕಾವಲುಗಾರರಾಗಿದ್ದವರು. ಅಲ್ಲಿ ಅದಕ್ಕೆ ಚಿಗರಿ ಎನ್ನುತ್ತಾರೆ. ಹಿಕ್ಕೆ ನೋಡಿ ಚಿಗರಿ ಏನು ತಿಂದಿದೆ, ಯಾವಾಗ ತಿಂದಿದೆ ಎಂದು ಹೇಳುವುದನ್ನು ಅಲ್ಲಿಯೇ ಕಲಿತರು. ಹೆಂಡತಿ ಗುರುಬಸವ್ವ ನರ್ಸು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಅವರು ಮೊದಲು ಅಮೆರಿಕಕ್ಕೆ ಬಂದರು, ಎರಡು ವರ್ಷದ ಮೇಲೆ ಮಲ್ಲಪ್ಪ ತಾಯಿ ಬಂಗಾರೆವ್ವನನ್ನು ಕರೆದುಕೊಂಡು ಬಂದರು. ಬಂದ ಹೊಸತರಲ್ಲಿ ಬೆಳ್ಳುಳ್ಳಿ ವಿಂಗಡಿಸುವ ಶೆಡ್ಡಿನಲ್ಲಿ ಕೆಲಸ. ಬೆರಳ ಸಂದಿಯೆಲ್ಲ ಸುಲಿದು, ರಾತ್ರಿ ಅನ್ನ ಕಲಸಿದರೆ ಉರಿಯುತ್ತಿತ್ತಂತೆ. ಅಲ್ಲಿಂದ ಅವರನ್ನು ಬಿಡಿಸಿ ಇಲ್ಲಿಗೆ ಸೇರಿಸಿದವರು ಡಾಕ್ಟರ್ ಅಪ್ಪಾಸಾಹೇಬ. ನಿಪ್ಪಾಣಿ ಕಡೆಯವರು, ಅಪ್ಪ ಅಜ್ಜಂದಿರ ಕಾಲದಿಂದ ಬೇಟೆಯ ಮನೆತನ, ಈ ಏಳು ಸದಸ್ಯರಲ್ಲಿ ಒಬ್ಬರು. ಕೆಲಸದ ಜೊತೆಗೆ ಈ ಗುಡ್ಡಗಳ ನಡುವೆಯೇ ಒಂದು ಮನೆ ಸಿಕ್ಕಿತು. ಕೆಲಸ ಹೋದರೆ ಮನೆಯೂ ಹೋಗುತ್ತದೆ.

ಹನ್ನೊಂದು ಗೇಟು, ಮೂರು ಚಿಲುಮೆ, ದಿನಕ್ಕೆ ಎಂಟು ಒಂಬತ್ತು ಮೈಲಿ ನಡಿಗೆ. ದನ ನೆಕ್ಕಲು ಇಟ್ಟ ಉಪ್ಪಿನ ದಿಮ್ಮಿಗಳು ಹದಿನಾಲ್ಕು. ಒಂದೊಂದರ ಜಾಗವೂ ನಕ್ಷೆಯಲ್ಲಿ ಗುರುತಾಗಿದೆ, ಏಕೆಂದರೆ ಹಿಂದೊಮ್ಮೆ ಒಂದು ದಿಮ್ಮಿ ರಾತ್ರೋರಾತ್ರಿ ಒಂದು ಓಕ್ ಮರದ ಬುಡಕ್ಕೆ ಬಂದು ಕೂತಿತ್ತು. "ಉಪ್ಪಿಗೇನ ಕಾಲ ಅದಾವೇನ್ರೀ?" ಅಂದೂ ಅವರು ಯಾರ ಹೆಸರನ್ನೂ ಹೇಳಲಿಲ್ಲ. ಎಲ್ಲ ಏಳು ಮಂದಿಗೂ ಫೋನು ಮಾಡಿ, ಒಂದೇ ಮಾತನ್ನು ಏಳು ಸಲ ಹೇಳಿದರು: ಇಂಥ ಜಾಗದಲ್ಲಿ ಇಂಥದ್ದು ಸಿಕ್ಕಿದೆ, ಬೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ವಾರ್ಡನ್‌ಗೆ ತಿಳಿಸಿದ್ದೇನೆ, ಆ ಕಡೆ ಹೋಗಬೇಡಿ.

"ಕಂಡದ್ದು ಬರಿಯೂದು ನನ್ನ ಕೆಲಸ. ಯಾರು ಅನ್ನೂದು ವಾರ್ಡನ್ ಬರೀಲಿ. ಅನುಮಾನ ಒಂದ್ಸಲ ಬಾಯಿಂದ ಬಿತ್ತಂದ್ರ ಆರಿಸಿ ತಗ್ಯಾಕ ಬರೂದಿಲ್ರೀ."

ಈ ನಿಯಮವನ್ನು ಅವರು ಮುರಿದದ್ದು ಒಂದೇ ಸಲ, ಹೋದ ವರ್ಷ, ಎಂಬತ್ತಾರರ ಆಗಸ್ಟಿನಲ್ಲಿ.

ಆ ವರ್ಷ ಗುತ್ತಿಗೆ ಮುಂದುವರಿಸುವಾಗ ಮಿಸೆಸ್ ಸಿಲ್ವೇರಾ ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಮ್ಮೆ ಆಮಿಷ ಸಿಕ್ಕರೆ, ಇಟ್ಟವರು ಸದಸ್ಯರಾದರೆ ಅವರು ಹೊರಗೆ, ಕೆಲಸದವರಾದರೆ ಅವರೂ ಹೊರಗೆ. ಬೇಟೆಯ ಮೊದಲ ದಿನದ ಹಿಂದಿನ ಸಂಜೆ, ಯಾರು ಎಲ್ಲಿ ಕಾಯಬೇಕೆಂದು ಟೋಪಿಯಲ್ಲಿ ಚೀಟಿ ಹಾಕಿ ಎತ್ತಿದರು. ಮೂರನೇ ಚಿಲುಮೆ ಅಪ್ಪಾಸಾಹೇಬರಿಗೆ ಬಂತು. ಬೆಳಿಗ್ಗೆ ಮಲ್ಲಪ್ಪ ಸುತ್ತು ಮುಗಿಸಿ ಬಂದು ತೆರೆಯುವ ತನಕ ಗೇಟು ಮುಚ್ಚಿರುತ್ತದೆ. ಸಾಕ್ಷಿಗೆಂದು ಸದಸ್ಯರಲ್ಲಿ ಒಬ್ಬರು ಜೊತೆಗೆ ಹೋಗುತ್ತಾರೆ. ಅಂದು ಹೋದವನು ರಸ್ ಎಂಬ ಪ್ಲಂಬರು.

ಮೂರನೇ ಚಿಲುಮೆಯ ಆಚೆ, ಓಕ್ ಮರದ ಕೆಳಗೆ ನೆಲದಲ್ಲಿ ಬಿಲ ತೋಡುವ ಇಲ್ಲಿಯ ಅಳಿಲುಗಳು ಎತ್ತಿ ಹಾಕಿದ ಮಣ್ಣಿನ ದಿಬ್ಬವೊಂದಿದೆ. ಅದರ ಸುತ್ತ ಟಾರ್ಚಿನ ಬೆಳಕಿಗೆ ಬೆಳ್ಳಗೆ ಏನೋ ಹೊಳೆಯಿತು. ಅರಳಿದ ಜೋಳದ ಅಳ್ಳು, ಅರಳದೆ ಉಳಿದ ಕೆಂಪು ಕಾಳು, ನೆನೆಸಿದ ಕಡಲೆ, ಇರುವೆ ಮುತ್ತಿದ ಬೆಲ್ಲ. ಅವುಗಳ ನಡುವೆ ಜಿಂಕೆಯ ಹೆಜ್ಜೆಗಳು, ಹೊಸವು.

"ಡಾಕ್ಟರ ಮನೆಯ ಪಾರ್ಟಿಯಲ್ಲಿ ಇದನ್ನೇ ತಿಂದಿದ್ದೇನೆ," ಎಂದ ರಸ್. "ಅವರು ಕಾಯುವ ಜಾಗ ಇಲ್ಲಿಂದ ಎಷ್ಟು ದೂರ?"

ನೂರೈವತ್ತು ಹೆಜ್ಜೆ. ಮಲ್ಲಪ್ಪ ಅದನ್ನೂ ಎಣಿಸಿದರು. ಆದರೆ ದಿಬ್ಬದ ನೆತ್ತಿಯ ಮೇಲಿದ್ದ ಅರಿಸಿನದ ನೂಲನ್ನು ಅವರು ಆಗಲೇ ಕಂಡಿದ್ದರು. ಹಿಂದಿನ ದಿನ ನಾಗಚೌತಿ. ಗುರುಬಸವ್ವ ಆಸ್ಪತ್ರೆಯ ಪಾಳಿಯಲ್ಲಿ, ಮಲ್ಲಪ್ಪ ಚೀಟಿ ಎತ್ತುವ ಮೀಟಿಂಗಿನಲ್ಲಿ, ಮನೆಯಲ್ಲಿ ತಾಯಿ ಒಬ್ಬಳೇ. ವಾರದ ಹಿಂದೆ ಈ ಮರದ ಹತ್ತಿರ ರ್‍ಯಾಟಲ್ ಹಾವು ಕಂಡಿತೆಂದು ಮನೆಯಲ್ಲಿ ಬಾಯಿಬಿಟ್ಟವರೂ ಅವರೇ. "ಬಾಲಕ್ಕ ಗೆಜ್ಜಿ ಕಟಗೊಂಡ ನಾಗಪ್ಪ" ಎಂದು ಬಂಗಾರೆವ್ವ ಅಂದೇ ಕೈ ಮುಗಿದಿದ್ದಳು. ಹುತ್ತವೇ ಸಿಗದ ದೇಶದಲ್ಲಿ ಎಪ್ಪತ್ತೈದರ ಮುದುಕಿ ಹುತ್ತವನ್ನು ಹುಡುಕಿಕೊಂಡು ಅರ್ಧ ಮೈಲಿ ನಡೆದು ಬಂದು ಹಾಲೆರೆದು ಹೋಗಿದ್ದಳು. ಅಳ್ಳು ಹುರಿದ ಜೋಳವೂ ಗಿಲ್‌ರಾಯ್‌ನ ದನದ ಮೇವಿನ ಅಂಗಡಿಯದು. ಬೇಟಿಗೆಂದು ಕದ್ದುಮುಚ್ಚಿ ಇಡುವವರು ಕೊಳ್ಳುವುದೂ ಅದೇ ಕಾಳು.

ಮಲ್ಲಪ್ಪ ಕಡ್ಡಿ ನೆಟ್ಟರು. ಎಂದು, ಎಲ್ಲಿ, ಏನು ಬರೆದರು. ನಾಲ್ಕನೇ ಖಾನೆಯ ಮುಂದೆ ಪೆನ್ನು ನಿಂತಿತು. ಖಾಲಿ ಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಐದು ವರ್ಷದಿಂದ ಬಿಡುತ್ತಲೇ ಬಂದದ್ದು. ಮನೆ ಉಳಿಯುತ್ತಿತ್ತು. ಅನ್ನ ಕೊಡಿಸಿದ ಡಾಕ್ಟರ ಕಡೆಗೆ ಮಾತ್ರ ಆ ಖಾಲಿ ಜಾಗ ಬೆರಳು ತೋರಿಸುತ್ತಾ ಕೂರುತ್ತಿತ್ತು.

"ನನ್ನ ನಿಯಮದ ಹಿಂದ ನಾನ ಅಡಗಿ ಕುಂತಂಗ ಆಗತಿತ್ತು," ಎನ್ನುತ್ತಾರೆ ಈಗ.

ಅವರು ಗೇಟಿಗೆ ಬರುವಷ್ಟರಲ್ಲಿ ರಸ್ ಮುಂದೆ ಹೋಗಿ ಸುದ್ದಿ ಮುಟ್ಟಿಸಿದ್ದ. ಆರು ಜನ ಒಂದು ಕಡೆ, ಅಪ್ಪಾಸಾಹೇಬರು ಒಂದು ಕಡೆ. "ಏನೋ ಮಲ್ಲಪ್ಪಾ ಇದು?" ಎಂದರು ಡಾಕ್ಟರು ಕನ್ನಡದಲ್ಲಿ. ಮಲ್ಲಪ್ಪ ಉತ್ತರವನ್ನು ಎಲ್ಲರಿಗೂ ಕೇಳಲೆಂದು ಇಂಗ್ಲಿಷಿನಲ್ಲೇ ಕೊಟ್ಟರು: ಅದು ಡಾಕ್ಟರದಲ್ಲ, ನನ್ನ ತಾಯಿ ಇಟ್ಟದ್ದು.

"ನಿನ್ನ ತಾಯಿ ಬೇಟೆಯಾಡುತ್ತಾರಾ?" ಎಂದು ಯಾರೋ ಕೇಳಿದರು.

"ಇಲ್ಲ. ಹಾವಿಗೆ ಊಟ ಹಾಕುತ್ತಾರೆ."

"ರ್‍ಯಾಟಲ್ ಹಾವಿಗೆ?" ಎಂದು ರಸ್ ಎರಡು ಸಲ ಕೇಳಿ, ಮೂರನೇ ಸಲ ನಕ್ಕ. ಉಳಿದವರೂ ನಕ್ಕರು. ಮಲ್ಲಪ್ಪ ನಗಲಿಲ್ಲ. ಮನೆಗೆ ಹೋಗಿ ಮೊದಲು ವಾರ್ಡನ್‌ಗೆ, ಆಮೇಲೆ ಮಿಸೆಸ್ ಸಿಲ್ವೇರಾಗೆ ಫೋನು ಮಾಡಿದರು.

ಒಂಬತ್ತಕ್ಕೆ ವಾರ್ಡನ್ ಬಂದ. ಅಳೆದ, ಫೋಟೋ ತೆಗೆದ. ಬಂಗಾರೆವ್ವ ಸೆರಗು ಹೊದ್ದು ದೂರದಲ್ಲಿ ನಿಂತು, "ನನ್ನ ಪೂಜಾದ್ದು ಈ ಸಾಹೇಬ ಯಾಕ ಎಣಸಾಕತ್ಯಾನ? ಅವಗೂ ಬೇಕಂದ್ರ ಡಬ್ಯಾಗ ಇನ್ನೂ ಅದಾವ ಅಂತ ಹೇಳ," ಎಂದಳು. ಯಾರಿಗಾಗಿ ಇಟ್ಟರು ಎಂದು ಕಾನೂನು ಕೇಳುವುದಿಲ್ಲ, ಜಿಂಕೆ ಬಂದು ತಿಂದಿದೆ ಎಂದ ವಾರ್ಡನ್. ಕೊನೆಯ ಕಾಳು ತೆಗೆದ ಮೇಲೂ ಹತ್ತು ದಿನ, ಸುತ್ತ ನಾನೂರು ಗಜದಲ್ಲಿ ಯಾರೂ ಬೇಟೆಯಾಡುವಂತಿಲ್ಲ. ಎಚ್ಚರಿಕೆಯ ಕಾಗದವೊಂದನ್ನು ಮಲ್ಲಪ್ಪನವರ ಹೆಸರಿಗೆ ಬರೆದುಕೊಟ್ಟು ಹೋದ.

ತಾಯಿ ಮಗ ಮಧ್ಯಾಹ್ನದವರೆಗೂ ಕಾಳು ಆರಿಸಿದರು.

"ದೇವ್ರ ಮುಂದಿನ ಅಳ್ಳು ತಗೀಬಾರದಪ್ಪಾ."

"ಹಂಗಾರ ನಾಗಪ್ಪಗ ನೀನ ಹೇಳವ್ವಾ, ಹತ್ತು ದಿನ ಒಪ್ಪತ್ತು ಇರು ಅಂತ."

"ಮಲ್ಯಾ, ಮನಿ ಬಿಡಸ್ತಾರೇನೋ?"

ಸಂಜೆ ಮಿಸೆಸ್ ಸಿಲ್ವೇರಾ ಬಂದರು. ಕೂರಲಿಲ್ಲ. ನೋಟ್‌ಬುಕ್ಕು ಕೇಳಿ, ಮೊದಲ ಪುಟದಿಂದ ತಿರುವಿದರು. ಎಲ್ಲ ಇಂಗ್ಲಿಷಿನಲ್ಲಿತ್ತು. ಕೊನೆಯ ಸಾಲಿನ ನಾಲ್ಕನೇ ಖಾನೆಯಲ್ಲಿ ಮಾತ್ರ ಒಂದು ಪದ ಅವರಿಗೆ ತಿಳಿಯದ ಅಕ್ಷರದಲ್ಲಿತ್ತು. ಇದೇನು ಎಂದರು. 'ನಮ್ಮವ್ವ' ಎಂಬುದರ ಅರ್ಥವನ್ನು ಮಲ್ಲಪ್ಪನವರಿಂದ ಕೇಳಿ ತಿಳಿದುಕೊಂಡರು. ಆಮೇಲೆ, "ಮುಂದಿನ ಸಲ ಮನೆಯ ಬೇಲಿಯೊಳಗೇ ಮಾಡಲಿ," ಎಂದು ನೋಟ್‌ಬುಕ್ಕು ವಾಪಸು ಕೊಟ್ಟು ಗಾಡಿ ಹತ್ತಿದರು. ಮುಂದಿನ ಸಲ ಎಂಬ ಮಾತು ಅವರ ಬಾಯಿಂದ ಬಂದದ್ದು ಮಲ್ಲಪ್ಪನವರಿಗೆ ಅರ್ಥವಾಗಲು ಗಾಡಿ ಎರಡನೇ ಗೇಟು ದಾಟಬೇಕಾಯಿತು.

"ಅಂವ ಹೇಳಿದ್ದಕ್ಕ ನಂಬಿದ್ರು. ನಾ ನಂದಲ್ಲ ಅಂದಿದ್ರ ಯಾರ ನಂಬತಿದ್ರು?" ಎನ್ನುತ್ತಾರೆ ಡಾಕ್ಟರ್ ಅಪ್ಪಾಸಾಹೇಬ. ಕಳೆದ ಚಳಿಗಾಲದಲ್ಲಿ ಊರಿಗೆ ಹೋದವರು ಬರುವಾಗ ಒಂದು ಚೀಲ ಬಿಳಿಜೋಳ ತಂದು ಬಂಗಾರೆವ್ವನ ಮುಂದಿಟ್ಟರು. "ನನ್ನ ಬೇಟೆದ ಮೊದಲನೇ ದಿನಾನ ತಿಂದಿ ಯವ್ವಾ. ತಗೋ, ಇದು ಛಲೋ ಸಿಡೀತೈತಿ."

ಈ ವರ್ಷ ನಾಗಪಂಚಮಿ ಜುಲೈ ಕೊನೆಗೇ ಬಂದಿದೆ. ಮನೆಯ ಹಿತ್ತಲಲ್ಲಿ ಮಲ್ಲಪ್ಪ ತಾವೇ ಮಣ್ಣು ಕಲಸಿ ಮೊಣಕಾಲೆತ್ತರದ ಹುತ್ತ ಕಟ್ಟಿದ್ದಾರೆ. ಸುತ್ತ ಕೋಳಿಗೂಡಿನ ಜಾಳಿಗೆ, ಒಂದು ಪುಟ್ಟ ಬಾಗಿಲು, ಅದಕ್ಕೊಂದು ಚಿಲಕ. ಸುತ್ತು ಮುಗಿಸಿ ಮನೆಗೆ ಬಂದಾಗ ಎಂಟು ಗಂಟೆ. ಜಾಳಿಗೆಯ ಒಳಗೆ ಬಂಗಾರೆವ್ವ ಹುತ್ತಕ್ಕೆ ನೂಲು ಸುತ್ತುತ್ತಿದ್ದಾಳೆ. ಬೀರಿದ ಅಳ್ಳಿನಲ್ಲಿ ಒಂದು ಜಾಳಿಗೆಯ ಕಣ್ಣಿನಿಂದ ಹೊರಗೆ ಹಾರುತ್ತದೆ. ಮಲ್ಲಪ್ಪ ಮಾತು ನಿಲ್ಲಿಸದೆಯೇ ಬಗ್ಗಿ, ಅದನ್ನು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ನೋಟ್‌ಬುಕ್ಕಿನಲ್ಲಿ ಇದುವರೆಗೆ ನಲವತ್ತೊಂದು ಸಾಲುಗಳಿವೆ. ನಲವತ್ತರಲ್ಲಿ ಕೊನೆಯ ಖಾನೆ ಖಾಲಿ.

"ಇನ್ನ ಹತ್ತು ವರ್ಷ ಕಾಲು ನಡೀತಾವ್ರೀ. ಆ ಖಾನ್ಯಾಗ ಎರಡನೇ ಹೆಸರು ಬರೀದಂಗ ಗೇಟ್ ಕೀಲಿ ಕೊಟ್ಟು ಬಂದ್ರ ಸಾಕು."

ಜಾಳಿಗೆಯ ಒಳಗಿನಿಂದ ಬಂಗಾರೆವ್ವ ತಲೆಯೆತ್ತುತ್ತಾಳೆ. "ಆರು ವರ್ಷ ಕಾದು ಹಿಡದದ್ದು ಒಬ್ಬಾಕಿನ್ನ," ಎನ್ನುತ್ತಾಳೆ. "ಅದೂ ಹಡದಾಕಿನ್ನ!"