ಪರವಾಗಿಲ್ಲ ಅಂದರೆ ಮೂರು

ಆಕೆಯ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ವಾರ್ಡಿನಲ್ಲಿ ಎಲ್ಲರಿಗೂ ಆಕೆ ನಂಬರ್ ಸಿಸ್ಟರ್. ಇಪ್ಪತ್ತೊಂದು ವರ್ಷ ಗಾಯ ತೊಳೆದು, ಸೂಜಿ ಚುಚ್ಚಿ, ರೋಗಿಗಳ ಮಗ್ಗುಲು ಬದಲಾಯಿಸಿದರೂ ಸಿಗದ ಅಡ್ಡಹೆಸರು, ಕೈಗೊಂದು ರಟ್ಟಿನ ಹಲಗೆ ಬಂದ ಎಂಟೇ ತಿಂಗಳಲ್ಲಿ ಸಿಕ್ಕಿತು. ಆಗ ಆಕೆಗೆ ಹೆಮ್ಮೆಯೇ ಆಗಿತ್ತು. ಮೊದಲು ಆ ಹೆಮ್ಮೆಯ ಕಥೆ ಹೇಳಿಬಿಡುತ್ತೇನೆ, ನಾಚಿಕೆಯ ಕಥೆ ಅದರ ಬೆನ್ನಿಗೇ ಬರುತ್ತದೆ.

ಹಲಗೆ ಬಂದದ್ದು ಹೀಗೆ. ಹೊಟ್ಟೆಯ ಆಪರೇಷನ್‌ಗೆ ಬಂದವರಿಗೆ ಹಿಂದಿನ ದಿನ ಅರ್ಧ ಗಂಟೆ ಪಾಠ ಹೇಳಿದರೆ ಆಮೇಲಿನ ನೋವು ಕಡಿಮೆಯಾಗುತ್ತದೆಯೇ ಎಂದು ನೋಡುವ ಅಧ್ಯಯನವೊಂದನ್ನು ದೊಡ್ಡ ಡಾಕ್ಟರಮ್ಮ ಶುರುಮಾಡಿದ್ದರು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುವುದು, ಮೆಲ್ಲಗೆ ಮಗ್ಗುಲಾಗುವುದು, ನೋವಾದರೆ ಮುಚ್ಚಿಡದೆ ಹೇಳಿ ಔಷಧಿ ಕೇಳುವುದು, ಇಷ್ಟೇ ಪಾಠ. ಯಾರಿಗೆ ಪಾಠ, ಯಾರಿಗಿಲ್ಲ ಎನ್ನುವುದನ್ನು ಅಂಟಿಸಿದ ಲಕೋಟೆಯೊಳಗಿನ ಚೀಟಿ ಹೇಳುತ್ತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಆಯಾ ಗೊಣಗಿದಳು. ಡಾಕ್ಟರಮ್ಮ ನಕ್ಕು, "ಎಲ್ಲರಿಗೂ ಬೆಣ್ಣೆ ಹಚ್ಚಿದ್ರೆ ಬೆಣ್ಣೆಯಿಂದ ಉಪಯೋಗ ಆಯ್ತೋ ಇಲ್ವೋ ಹೇಗೆ ಗೊತ್ತಾಗುತ್ತಮ್ಮ?" ಅಂದರು.

ನಮ್ಮ ಸಿಸ್ಟರಿಗೆ ಪಾಠದ ಗೊಡವೆ ಇರಲಿಲ್ಲ. ಯಾರದು ಯಾವ ಚೀಟಿ ಎಂದು ಆಕೆಗೆ ತಿಳಿಯಲೂ ಬಾರದು. ಆಪರೇಷನ್ ಆದವರ ಮಂಚದ ಹತ್ತಿರ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಹೋಗಿ, "ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ?" ಎಂದು ಕೇಳಿ, ಅವರು ಹೇಳಿದ ಅಂಕಿಯನ್ನು ಹಾಳೆಯ ಚೌಕದೊಳಗೆ ಬರೆಯುವುದು ಆಕೆಯ ಕೆಲಸ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಹೇಳಿದರೆ ಕೂಡಲೇ ಡಾಕ್ಟರನ್ನು ಕರೆಸಬೇಕು. ಅವರು ಹೊಟ್ಟೆ ಮುಟ್ಟಿ ನೋಡಿ ಔಷಧಿ ಬದಲಿಸುತ್ತಾರೆ. ಅಂಕಿಯನ್ನೇ ಹೇಳದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಬೇಕು. ಆಗಲೂ ಹೇಳದಿದ್ದರೆ ಚೌಕ ಖಾಲಿ ಬಿಟ್ಟು ಪಕ್ಕದಲ್ಲಿ "ಉತ್ತರ ಇಲ್ಲ" ಎಂದು ಬರೆಯಬೇಕು. ಎಳೆ ಮಗುವಿಗೂ ಅರ್ಥವಾಗುವ ನಿಯಮ.

ಆದರೆ ಅಂಕಿ ಹೇಳುವವರು ಯಾರು ಸ್ವಾಮಿ? ಜನ ನೋವಿಗೆ ಎಂದಾದರೂ ಮಾರ್ಕ್ಸ್ ಕೊಟ್ಟಿದ್ದಾರೆಯೇ? "ಹತ್ತಕ್ಕೆ ಹತ್ತು ಬಂದ್ರೆ ಬೇಗ ಮನೆಗೆ ಕಳಿಸ್ತೀರಾ?" ಎಂದು ಒಬ್ಬ ಕೇಳಿದ. "ನೀವೇ ಒಂದು ಹಾಕ್ಕೊಳಿ ಸಿಸ್ಟರ್, ನಿಮಗೆ ಗೊತ್ತಿಲ್ದೇ ಇರೋದಾ" ಅಂದಳು ಒಬ್ಬಾಕೆ. ಮಿಕ್ಕವರದೆಲ್ಲ ಒಂದೇ ಮಾತು: ಪರವಾಗಿಲ್ಲ. ಹೊಟ್ಟೆ ಕುಯ್ದು ಹೊಲಿದು ಇನ್ನೂ ದಿನ ಕಳೆದಿಲ್ಲ, ತುಟಿ ಒಣಗಿ ಬಿರಿದಿದೆ, ಆದರೂ ಪರವಾಗಿಲ್ಲ.

ಮೊದಲ ತಿಂಗಳು ಆಕೆ ನಿಯಮದಂತೆಯೇ ನಡೆದಳು. ಅರ್ಧ ಗಂಟೆ ಬಿಟ್ಟು ಮತ್ತೆ ಹೋದರೆ ಮತ್ತದೇ ಪರವಾಗಿಲ್ಲ. ಹಾಳೆಯ ತುಂಬ ಖಾಲಿ ಚೌಕಗಳು. ನೋಡಿ ನೋಡಿ ಆಕೆಗೆ ರೇಗಿತು. ಕೆಲಸ ಮಾಡಿಯೂ ಮಾಡದವಳಂತೆ ಕಾಣುವುದು ಯಾರಿಗೆ ಬೇಕು? ಎರಡನೇ ತಿಂಗಳಿಂದ ಆಕೆ ತನ್ನದೇ ಒಂದು ನಿಘಂಟು ಮಾಡಿಕೊಂಡಳು. "ಪರವಾಗಿಲ್ಲ" ಅಂದರೆ ಮೂರು. "ಸ್ವಲ್ಪ ಇದೆ" ಅಂದರೆ ನಾಲ್ಕು. "ಅಯ್ಯೋ" ಅಂದರೆ ಏಳು. "ಅಮ್ಮಾ" ಅಂದರೆ ಒಂಬತ್ತು. ಎರಡನೇ ಸಲ ಕೇಳುವ ಗೋಜೂ ತಪ್ಪಿತು. ಒಂದು ಮಂಚಕ್ಕೆ ಒಂದೇ ನಿಮಿಷ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪರವಾಗಿಲ್ಲ ಅಂದರೆ ಏನು ಎಂದು ಆಕೆಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಹುಟ್ಟಿದಂದಿನಿಂದ ಆ ಮಾತನ್ನೇ ಆಡಿ ಬೆಳೆದವಳು. ಅಪ್ಪ ಮರಗೆಲಸದವನು. ಉಳಿ ತಾಗಿ ಬೆರಳು ಸೀಳಿದಾಗಲೂ ಬಟ್ಟೆ ಸುತ್ತಿಕೊಂಡು ಪರವಾಗಿಲ್ಲ ಅಂದವನು. ಈಕೆಯೂ ಮಗಳನ್ನು ಹೆರುವಾಗ ಹಾಸಿಗೆಯ ಬಟ್ಟೆ ಕಚ್ಚಿಕೊಂಡು, ಕೇಳಲು ಬಂದ ನರ್ಸಿಗೆ ಪರವಾಗಿಲ್ಲ ಸಿಸ್ಟರ್ ಅಂದಿದ್ದಳು. ಅದು ಎಷ್ಟು ಪರವಾಗಿರಲಿಲ್ಲ ಎಂದು ಆಕೆಗೇ ಗೊತ್ತು. ಗೊತ್ತಿದ್ದೂ ಮೂರು ಎಂದು ಬರೆದಳಲ್ಲ, ಆಮೇಲೆ ಆಕೆಯನ್ನು ಸುಟ್ಟದ್ದು ಅದೇ.

ಆಕೆಯ ಗಂಡ ಮೀಟರ್ ರೀಡರ್. ಮನೆಮನೆಗೂ ಹೋಗಿ ಕರೆಂಟಿನ ಮೀಟರ್ ನೋಡಿ ಬರೆದುಕೊಂಡು ಬರುವ ಕೆಲಸ. ಮನೆಗೆ ಬೀಗ ಹಾಕಿದ್ದರೆ ಮಹಾರಾಯ ಪುಸ್ತಕದಲ್ಲಿ "ಬಾಗಿಲು ಹಾಕಿದೆ" ಎಂದು ಬರೆದು ಬರುತ್ತಿದ್ದ. ಮಾರನೇ ದಿನ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಮತ್ತೆ ಅದೇ ಬೀದಿಗೆ.

"ನಿಮ್ಮ ಜೊತೆಯವರೆಲ್ಲ ಹೋದ ತಿಂಗಳ ಲೆಕ್ಕ ನೋಡಿ ಅಂದಾಜಿಗೆ ಒಂದು ಹಾಕ್ತಾರೆ. ನಿಮಗೊಬ್ಬರಿಗೆ ಆಗಲ್ವಾ?" ಎಂದು ಈಕೆ ಛೇಡಿಸುವಳು.

"ಮೀಟರ್ ಒಳಗಿದೆ ಕಣೆ, ನಾನು ಹೊರಗಿದೀನಿ. ಕಾಣದೇ ಇರೋದನ್ನ ಹೇಗೆ ಬರೀಲಿ?" ಅನ್ನುವನು ಆತ. ಈಕೆ ನಗುವಳು.

ಆರನೇ ತಿಂಗಳಲ್ಲಿ ಡಾಕ್ಟರಮ್ಮ ಎರಡೂ ವಾರ್ಡಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಎದುರಿನ ವಾರ್ಡಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಕನ್ನಡಕದ ಸಿಸ್ಟರ್ ಇನ್ನೂ ಹೊಸಬಳು. ಆಕೆಯ ಹಾಳೆಗಳಲ್ಲಿ ಎಲ್ಲೆಲ್ಲೂ "ಉತ್ತರ ಇಲ್ಲ". ನಮ್ಮ ಸಿಸ್ಟರ್ ಹಾಳೆಗಳಲ್ಲಿ ಒಂದು ಚೌಕವೂ ಖಾಲಿಯಿಲ್ಲ.

"ಇವರನ್ನ ನೋಡಿ ಕಲೀರಿ. ಅವರಿಗೆ ಹೇಳೋ ರೋಗಿಗಳು ನಿಮಗ್ಯಾಕೆ ಹೇಳಲ್ಲ?" ಎಂದು ಡಾಕ್ಟರಮ್ಮ ಹೊಸಬಳಿಗೆ ಎಲ್ಲರೆದುರೇ ಅಂದರು.

ಹುಡುಗಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಹೊರಗೆ ಬಂದು, "ಅಕ್ಕ, ನೀವು ಹೇಗೆ ಕೇಳ್ತೀರಿ? ನನಗೂ ಹೇಳಿಕೊಡಿ" ಅಂದಳು. ನಮ್ಮ ಸಿಸ್ಟರ್, "ಅನುಭವ ಕಣಮ್ಮ, ಬರುತ್ತೆ ಬಿಡು" ಎಂದು ಬೆನ್ನು ತಟ್ಟಿ ಹೋದಳು. ಆ ಬೆನ್ನು ತಟ್ಟಿದ ಕೈ ಇವತ್ತಿಗೂ ಆಕೆಗೆ ನೆನಪಾಗುತ್ತದೆ.

ಎಂಟನೇ ತಿಂಗಳಲ್ಲಿ ಹನ್ನೊಂದನೇ ಮಂಚಕ್ಕೆ ರಿಟೈರಾದ ಬಸ್ ಕಂಡಕ್ಟರ್ ಒಬ್ಬರು ಬಂದರು. ಕರುಳಿನ ಆಪರೇಷನ್. ಮೂವತ್ತು ವರ್ಷ ತೂಗಾಡುವ ಬಸ್ಸಿನಲ್ಲಿ ನಿಂತೇ ಬದುಕಿದ ಮನುಷ್ಯ, ಮಲಗಿದರೂ ಒಂದು ಕೈ ಮೇಲಿನ ಕಂಬಿಗಾಗಿ ಹುಡುಕುತ್ತಿತ್ತು. ಬಲು ತಮಾಷೆಯ ಜನ. ಡಾಕ್ಟರುಗಳ ದಂಡು ಬಂದರೆ, "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ, ಮುಂದೆ ಬನ್ನಿ" ಅನ್ನುವರು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುವರು.

ಮೊದಲ ದಿನ ನಂಬರ್ ಸಿಸ್ಟರ್ ಕೇಳಿದಾಗ ಅವರು, "ಪರವಾಗಿಲ್ಲ ಸಿಸ್ಟರಮ್ಮ" ಅಂದರು. ಮೂರು. ಮಧ್ಯಾಹ್ನ, ಸಂಜೆ, ಮೂರು, ಮೂರು. ಎರಡನೇ ದಿನ ತಮಾಷೆ ನಿಂತಿತ್ತು. ಆಗಲೂ ಪರವಾಗಿಲ್ಲ. ಮೂರನೇ ದಿನ ಬೆಳಿಗ್ಗೆ ಅವರ ಕೈ ಮಂಚದ ಅಂಚನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿತ್ತು. ಆಕೆ ಅದನ್ನು ಕಂಡಳು. ಕಾಣಲಿಲ್ಲವೆಂದು ಹೇಳುವಂತಿಲ್ಲ. "ಹೇಗಿದೆ ಯಜಮಾನ್ರೇ?" ಅಂದಳು. ಅವರು ಕಣ್ಣು ಮುಚ್ಚಿಕೊಂಡೇ, "ಪರ್ವಾ...ಗಿಲ್ಲ" ಅಂದರು. ಆಕೆ ಮೂರು ಎಂದು ಬರೆದು ಹನ್ನೆರಡನೇ ಮಂಚಕ್ಕೆ ಹೋದಳು. ಮಧ್ಯಾಹ್ನ ಎರಡಕ್ಕೆ ಮತ್ತೆ ಮೂರು.

ಮೂರೂವರೆಗೆ ಹೆಂಡತಿ ನೀರು ಕುಡಿಸಲು ತಲೆಯೆತ್ತಿದಾಗ ಅವರು ಹಾಗೇ ವಾಲಿಬಿಟ್ಟರು. ಒಳಗೆ ಹೊಲಿಗೆ ಬಿಟ್ಟು ಹೊಟ್ಟೆಯಲ್ಲಿ ಕೀವು ತುಂಬಿತ್ತು. ತಳ್ಳುಮಂಚದಲ್ಲಿ ಮತ್ತೆ ಆಪರೇಷನ್ ಕೋಣೆಗೆ ಓಡಿಸಿದರು. ನಾಲ್ಕು ಗಂಟೆ ಹಿಡಿಯಿತು. ಹೆಂಡತಿ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು, ಮಡಿಲಲ್ಲಿ ಖಾಲಿ ಲೋಟ. ಜೀವ ಉಳಿಯಿತು. ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಐದು ದಿನ ಕಳೆದ ಮೇಲೆ ಡಾಕ್ಟರಮ್ಮ ಹಾಳೆ ಹಿಡಿದು ಮಂಚದ ಹತ್ತಿರ ಬಂದರು. ನಂಬರ್ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದಳು, ಮುಳ್ಳಿನ ಮೇಲೆ ನಿಂತ ಹಾಗೆ.

"ಯಜಮಾನ್ರೇ, ಇಷ್ಟೆಲ್ಲ ಆಗೋ ಮುಂಚೆ ನೋವು ಜೋರಾಗಿ ಇರಬೇಕಿತ್ತಲ್ಲ. ಇಲ್ಲಿ ಎಂಟು ಸಲವೂ ಮೂರು ಅಂತಿದೆ. ನೀವು ಮೂರು ಅಂತಲೇ ಹೇಳಿದ್ರಾ?"

ಕಂಡಕ್ಟರ್ ಹಾಳೆಯನ್ನು ನೋಡಿದರು. ಆಮೇಲೆ ಸಿಸ್ಟರ್ ಮುಖ ನೋಡಿದರು. ಮೂವತ್ತು ವರ್ಷ ಟಿಕೆಟಿಲ್ಲದ ಮುಖಗಳನ್ನು ನೋಡಿದ ಕಣ್ಣು ಅದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ಆಕೆಯ ಕೈ ತಾನಾಗಿ ಜೇಬಿನ ಪೆನ್ನನ್ನು ಮುಟ್ಟಿತು.

"ಹೌದು ಡಾಕ್ಟ್ರೇ, ಮೂರು ಅಂತಲೇ ಅಂದೆ. ಸಿಸ್ಟರಮ್ಮನದೇನೂ ತಪ್ಪಿಲ್ಲ" ಅಂದರು.

ಡಾಕ್ಟರಮ್ಮ ತಲೆಯಾಡಿಸಿ ಹೋದರು. ಆಕೆ ಬಾಯಿ ಬಿಡಲಿಲ್ಲ. ಬಿಟ್ಟರೆ ಬಣ್ಣಗೇಡು. ಇಪ್ಪತ್ತೊಂದು ವರ್ಷದ ಮರ್ಯಾದೆ, ಎಲ್ಲರೆದುರು ಕೇಳಿದ ಹೊಗಳಿಕೆ, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನೆಲ ಯಾಕೆ ನುಂಗುತ್ತದೆ? ಅದಕ್ಕೆ ಅದರ ಕೆಲಸವಿದೆ.

ಮಾರನೇ ದಿನದಿಂದ ಆಕೆಗೆ ಹನ್ನೊಂದನೇ ಮಂಚ ದಾಟುವುದೇ ಕಷ್ಟವಾಯಿತು. ಒಂದು ದಿನ ಕಂಡಕ್ಟರರ ಹೆಂಡತಿ ಆಕೆಯ ಎರಡೂ ಕೈ ಹಿಡಿದುಕೊಂಡು, "ದಿನಾ ಮೂರು ಸಲ ಬಂದು ವಿಚಾರಿಸಿದ್ದು ನೀವೊಬ್ಬರೇ ಸಿಸ್ಟರಮ್ಮ. ನಿಮ್ಮ ಋಣ ತೀರಿಸೋಕಾಗಲ್ಲ" ಅಂದರು. ಆಕೆ ಕೈ ಬಿಡಿಸಿಕೊಂಡು ಸೀದಾ ಬಟ್ಟೆ ಕೋಣೆಗೆ ಹೋಗಿ, ಒಗೆದ ಚಾದರಗಳ ಕಪಾಟಿಗೆ ಹಣೆಯೊತ್ತಿ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಆ ಸಂಜೆ ಗಂಡ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಆಕೆ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಆತ ಛೇಡಿಸಲಿಲ್ಲ, ಛೇಡಿಸುವ ಹಕ್ಕು ಬೇಕಾದಷ್ಟಿತ್ತು. ಕೈ ಒರೆಸಿಕೊಂಡು, "ಬಾಗಿಲು ಹಾಕಿದೆ ಅಂತ ಬರೀಬೇಕಿತ್ತು ಕಣೆ" ಅಂದ. ಅಷ್ಟೇ.

ಬೆಳಿಗ್ಗೆ ಆಕೆ ಅರವತ್ತೆರಡು ರೋಗಿಗಳ ಹಾಳೆಗಳನ್ನು ಎದೆಗವಚಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋದಳು. ಎಲ್ಲೆಲ್ಲಿ ಮೂರನ್ನು ತಾನೇ ಹಾಕಿದ್ದಳೋ ನೆನಪಿದ್ದಷ್ಟಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದಳು. ನೆನಪಿಲ್ಲದವೇ ಹೆಚ್ಚು. ಡಾಕ್ಟರಮ್ಮ ಒಂದೊಂದೇ ಹಾಳೆ ತಿರುವಿದರು. ಕೂಗಾಡಲಿಲ್ಲ.

"ನೋವಿನ ಔಷಧಿ ಯಾರಿಗೆ ಸಿಗಲಿಲ್ಲ ಅಂತ ಈಗ ಹೇಗೆ ಹುಡುಕೋದು ಸಿಸ್ಟರ್?" ಎಂದು ಕೇಳಿದರು. ಆ ವಾರ್ಡಿನ ಹಾಳೆಗಳೆಲ್ಲ ಲೆಕ್ಕಕ್ಕಿಲ್ಲವಾದವು. ಹಲಗೆ ಕನ್ನಡಕದ ಸಿಸ್ಟರ್ ಕೈಗೆ ಹೋಯಿತು. ನಂಬರ್ ಸಿಸ್ಟರ್ ಮೇಲೆ ವಿಚಾರಣೆ ಆಗುತ್ತದೆ ಎಂದೂ ಡಾಕ್ಟರಮ್ಮ ಹೇಳಿದರು. ಆಮೇಲೆ ಎದ್ದು ನಿಂತು, "ಹನ್ನೊಂದನೇ ಮಂಚದವರಿಗೆ ನಾನೂ ಹೇಳ್ತೀನಿ. ಆದ್ರೆ ಮೊದಲು ನೀವು ಹೇಳಿ" ಅಂದರು.

ಆಕೆ ಹೋದಳು. ಎಂಟು ತಿಂಗಳಲ್ಲಿ ಮೊದಲ ಸಲ ಸ್ಟೂಲ್ ಎಳೆದುಕೊಂಡು ಕೂತಳು. ಕಂಡಕ್ಟರ್ ದಿಂಬಿಗೊರಗಿದ್ದರು. ಹೆಂಡತಿ ಕಿಟಕಿಯ ಹತ್ತಿರ ಟವೆಲ್ ಮಡಿಸುತ್ತಿದ್ದರು.

"ನೀವು ಮೂರು ಅಂದಿರಲಿಲ್ಲ. ನಾನೇ ಬರ್ಕೊಂಡೆ. ಯಾಕೆ ಹೌದು ಅಂದ್ರಿ?"

"ನಿಮ್ಮ ಮುಖ ನೋಡಿದ್ನಲ್ಲ. ಕೆಲಸಕ್ಕೆ ತೊಂದರೆ ಆಗುತ್ತೆ ಅಂತ ಗೊತ್ತಾಯ್ತು" ಅಂದರು.

"ಮತ್ತೆ ಅವತ್ತು ಅಷ್ಟು ನೋವಿದ್ರೂ ನನಗ್ಯಾಕೆ ಹೇಳಲಿಲ್ಲ?"

"ನೀವು ನಿಂತೇ ಕೇಳ್ತಿದ್ರಿ ಸಿಸ್ಟರಮ್ಮ. ಒಂದು ಕಾಲು ಆಗಲೇ ಮುಂದಿನ ಮಂಚದ ಕಡೆ ಇರ್ತಿತ್ತು. ಪಾಪ, ಇವರಿಗೂ ಟೈಮಿಗೆ ಸರಿಯಾಗಿ ಮುಂದಿನ ಸ್ಟಾಪ್ ಮುಟ್ಟಬೇಕಲ್ಲ, ನಾನ್ಯಾಕೆ ತಡ ಮಾಡಿಸಲಿ ಅನ್ನಿಸ್ತು."

ಆಕೆ ಸ್ಟೂಲನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡಳು. ಆಮೇಲೆ, ಹೇಳದೆ ಉಳಿಸಿಕೊಳ್ಳಬಹುದಾಗಿದ್ದ ಕೊನೆಯ ಮಾತನ್ನೂ ಹೇಳಿದಳು. "ನಾನು ಎರಡನೇ ಸಲ ಕೇಳಬೇಕಿತ್ತು. ನೀವು ನಾಲ್ಕು ಅಂದಿದ್ರೂ ಸಾಕಿತ್ತು ಯಜಮಾನ್ರೇ. ನಾಲ್ಕು ಅಂದ್ರೆ ಆಗಲೇ ಡಾಕ್ಟರ್ ಬಂದು ಹೊಟ್ಟೆ ಮುಟ್ಟಿ ನೋಡ್ತಿದ್ರು."

ಅವರಿಗೆ ಅದು ಗೊತ್ತಿರಲಿಲ್ಲ. ನೋವನ್ನು ಮುಚ್ಚಿಡಬಾರದೆಂದೂ ಅವರಿಗೆ ಯಾರೂ ಹೇಳಿರಲಿಲ್ಲ, ಅವರ ಲಕೋಟೆಯಲ್ಲಿ ಪಾಠದ ಚೀಟಿ ಬಂದಿರಲಿಲ್ಲ. ಕಿಟಕಿಯ ಹತ್ತಿರ ಟವೆಲ್ ಮಡಿಸುತ್ತಿದ್ದ ಕೈ ನಿಂತಿತು.

"ತಪ್ಪಾಯ್ತು" ಅಂದಳು ಆಕೆ.

ಕಂಡಕ್ಟರ್ ತಮ್ಮ ಹೊಟ್ಟೆಯ ಮೇಲಿನ ಪಟ್ಟಿಯನ್ನೇ ನೋಡಿದರು. "ಪರವಾಗಿಲ್ಲ ಬಿಡಿ" ಅಂದರು.

ಆಕೆ ಏಳಲಿಲ್ಲ. "ಪರವಾಗಿಲ್ಲ ಅಂದ್ರೆ ಎಷ್ಟು?"

"ಅವತ್ತಿಂದಾ, ಇವತ್ತಿಂದಾ?"

"ಎರಡೂ ಹೇಳಿ."

"ಅವತ್ತು ಒಂಬತ್ತು" ಅಂದರು ಕಂಡಕ್ಟರ್. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. "ಇವತ್ತು, ನೀವು ನಾಲ್ಕರ ವಿಷಯ ಹೇಳಿದ ಮೇಲೆ, ಅದೂ ಒಂಬತ್ತೇ ಸಿಸ್ಟರಮ್ಮ."

ಬರೆದುಕೊಳ್ಳಲು ಆಕೆಯ ಕೈಯಲ್ಲಿ ಹಲಗೆ ಇರಲಿಲ್ಲ. ಆಕೆ ಸ್ಟೂಲಿನ ಮೇಲೆ ಕೂತೇ ಇದ್ದಳು.